ಸೂಕ್ಷ್ಮಜೀವಿಗಳನ್ನು ಎರಡು ಪಟ್ಟಿಗಳಲ್ಲಿ ಕಲಿಸುವುದನ್ನು ಬಿಡೋಣ: ಪಠ್ಯ ರೂಪಿಸುವವರಿಗೊಂದು ಬಹಿರಂಗ ಪತ್ರ

ವಿಜ್ಞಾನ ಪಠ್ಯಪುಸ್ತಕಗಳನ್ನು ರೂಪಿಸುವ ಸಮಿತಿಗಳ ಸದಸ್ಯರಿಗೆ ಹಾಗೂ ಜನರಿಗೆ ಆರೋಗ್ಯದ ಸಂದೇಶ ತಲುಪಿಸುವ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಸೂಕ್ಷ್ಮಜೀವಿಗಳ ಪಾಠ ಶಾಲೆಯ ಪುಸ್ತಕಗಳಲ್ಲಿ ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಮೊದಲು ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ, ಪ್ರೋಟೊಜೋವಾ ಎಂಬ ವಿಂಗಡಣೆ ಬರುತ್ತದೆ. ಅದರ ಬೆನ್ನಿಗೇ ಎರಡು ಅಂಕಣಗಳ ಪಟ್ಟಿಯೊಂದು ಬರುತ್ತದೆ. ಒಂದು ಕಡೆ ‘ಉಪಕಾರಿ ಸೂಕ್ಷ್ಮಜೀವಿಗಳು’ ಎಂಬ ತಲೆಬರಹದಡಿ ಹಾಲನ್ನು ಮೊಸರಾಗಿಸುವ ಲ್ಯಾಕ್ಟೊಬ್ಯಾಸಿಲಸ್, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್, ಪೆನಿಸಿಲಿನ್ ಕೊಡುವ ಬೂಷ್ಟು. ಇನ್ನೊಂದು ಕಡೆ ‘ಅಪಕಾರಿ ಸೂಕ್ಷ್ಮಜೀವಿಗಳು’ ಎಂಬ ತಲೆಬರಹದಡಿ ಕಾಲರಾ, ಕ್ಷಯ, ಟೈಫಾಯ್ಡ್, ಧನುರ್ವಾಯುಗಳ ರೋಗಾಣುಗಳು. ಮಕ್ಕಳು ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಹೊಂದಿಸಿ ಬರೆದು, ಅಂಕ ಪಡೆದು ಮುಂದಿನ ತರಗತಿಗೆ ಹೋಗುತ್ತಾರೆ. ಸೂಕ್ಷ್ಮಜೀವಿ ವಿಜ್ಞಾನವನ್ನು ಕಲಿಸುವ ವೃತ್ತಿಯಲ್ಲಿರುವ ನಾನು ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು: ಆ ಪಟ್ಟಿಯನ್ನು ಪಠ್ಯದಿಂದ ತೆಗೆದುಹಾಕಿ, ಒಂದು ಜೀವಿ ಎಲ್ಲಿದ್ದಾಗ, ಎಷ್ಟಿದ್ದಾಗ, ಯಾವ ಸ್ಥಿತಿಯಲ್ಲಿದ್ದಾಗ ನಮಗೆ ನೆರವಾಗುತ್ತದೆ, ಯಾವಾಗ ಕೇಡು ಮಾಡುತ್ತದೆ ಎಂಬುದನ್ನು ಕಲಿಸಲು ಆ ಪುಟಗಳನ್ನು ಬಳಸಿಕೊಳ್ಳಿ.

ಇಷ್ಟು ಸಣ್ಣ ವಿಷಯಕ್ಕೆ ಬಹಿರಂಗ ಪತ್ರವೇಕೆ ಎಂದು ತಮಗೆ ಅನ್ನಿಸಬಹುದು. ಶಾಲೆ ಬಿಟ್ಟ ಮೇಲೆ ಹೆಚ್ಚಿನವರು ಜೀವವಿಜ್ಞಾನದ ಪುಸ್ತಕವನ್ನು ಮತ್ತೆ ತೆರೆಯುವುದಿಲ್ಲ. ಆದರೆ ರಾತ್ರಿ ಉಳಿದ ಅಡುಗೆಯನ್ನು ಬೆಳಿಗ್ಗೆ ತಿನ್ನಬಹುದೇ, ಮಗುವಿನ ನೆಗಡಿಗೆ ಆಂಟಿಬಯೋಟಿಕ್ ಕೊಡಿಸಬೇಕೇ, ಲಸಿಕೆ ಹಾಕಿಸಬೇಕೇ, ಮನೆಯ ನೆಲವನ್ನೆಲ್ಲ ಕ್ರಿಮಿನಾಶಕದಿಂದ ಒರೆಸಬೇಕೇ ಎಂಬ ತೀರ್ಮಾನಗಳನ್ನು ಅವರು ಜೀವನವಿಡೀ ಮಾಡುತ್ತಲೇ ಇರುತ್ತಾರೆ, ಮತ್ತು ಆ ಹೊತ್ತಿಗೆ ಅವರ ನೆನಪಿನಲ್ಲಿ ಉಳಿದಿರುವುದು ಎರಡು ಅಂಕಣಗಳ ಆ ಪಟ್ಟಿ ಮಾತ್ರ. ಅದನ್ನು ನಂಬಿದವರಿಗೆ ಎರಡೇ ದಾರಿ ತೋರುತ್ತವೆ: ಕೆಟ್ಟ ಜೀವಿಗಳನ್ನು ಕೊಲ್ಲುವುದು, ಒಳ್ಳೆಯವನ್ನು ಡಬ್ಬಿಯಲ್ಲಿ ಕೊಂಡು ತಿನ್ನುವುದು. ಆಂಟಿಬಯೋಟಿಕ್‌ಗಳ ವಿವೇಚನೆಯಿಲ್ಲದ ಬಳಕೆಗೂ, ‘ಎಲ್ಲ ಕೀಟಾಣುಗಳನ್ನು ಕೊಲ್ಲುತ್ತದೆ’ ಎಂಬ ಜಾಹೀರಾತುಗಳ ಯಶಸ್ಸಿಗೂ ಈ ಬಡ ತಿಳಿವಳಿಕೆ ಒಂದು ಕಾರಣವೆಂದು ನಾನು ದೃಢವಾಗಿ ನಂಬಿದ್ದೇನೆ.

ಪಟ್ಟಿ ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ತೋರಿಸಲು ಒಂದೇ ಬ್ಯಾಕ್ಟೀರಿಯಾ ಸಾಕು. ಜರ್ಮನಿಯ ಮಕ್ಕಳ ವೈದ್ಯ ಥಿಯೋಡರ್ ಎಷೆರಿಷ್ 1885ರಲ್ಲಿ ಶಿಶುಗಳ ಮಲದಲ್ಲಿ ಕಂಡು ವಿವರಿಸಿದ, ಮುಂದೆ ಅವರದೇ ಹೆಸರು ಪಡೆದ ಎಷೆರಿಶಿಯಾ ಕೋಲಿ, ಅಂದರೆ ಇ. ಕೋಲಿ, ನಮ್ಮೆಲ್ಲರ ಕರುಳಿನ ಖಾಯಂ ನಿವಾಸಿ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮಗುವಿನ ಕರುಳನ್ನು ಸೇರುತ್ತದೆ. ಅಲ್ಲಿರುವ ಅಲ್ಪಸ್ವಲ್ಪ ಆಮ್ಲಜನಕವನ್ನು ಬಳಸಿ ಮುಗಿಸಿ, ಆಮ್ಲಜನಕವಿದ್ದರೆ ಬದುಕಲಾಗದ ಇತರ ಬ್ಯಾಕ್ಟೀರಿಯಾಗಳಿಗೆ ನೆಲೆ ಸಿದ್ಧಮಾಡುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ವಿಟಮಿನ್ನಿನ ಒಂದು ರೂಪವನ್ನು ತಯಾರಿಸುತ್ತದೆ. ಹೊರಗಿನಿಂದ ಬಂದ ರೋಗಾಣುಗಳಿಗೆ ಜಾಗವನ್ನೂ ಆಹಾರವನ್ನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಆಲ್ಫ್ರೆಡ್ ನಿಸ್ಲೆ ಎಂಬ ವೈದ್ಯ, ಸುತ್ತಲಿನವರಿಗೆಲ್ಲ ಭೇದಿ ಹತ್ತಿದರೂ ತಾನು ಆರೋಗ್ಯವಾಗಿದ್ದ ಸೈನಿಕನೊಬ್ಬನ ಮಲದಿಂದ ಇ. ಕೋಲಿಯ ಒಂದು ತಳಿಯನ್ನು ಬೇರ್ಪಡಿಸಿದರು. ಆ ತಳಿಯನ್ನು ಇಂದಿಗೂ ಕರುಳಿನ ಕೆಲವು ತೊಂದರೆಗಳಿಗೆ ಔಷಧಿಯಾಗಿ ಕೊಡುತ್ತಾರೆ.

ಅದೇ ಇ. ಕೋಲಿ ಕರುಳಿನಿಂದ ಮೂತ್ರನಾಳಕ್ಕೆ ದಾಟಿದರೆ ಉರಿಮೂತ್ರ ತರುತ್ತದೆ. ಮೂತ್ರನಾಳದ ಸೋಂಕುಗಳಲ್ಲಿ ಬಹುಪಾಲಿಗೆ ಕಾರಣ ಇದೇ. ಒಡೆದ ಕರುಳಿನಿಂದ ಹೊಟ್ಟೆಯೊಳಗೆ ಹರಡಿದರೆ ಪ್ರಾಣಕ್ಕೇ ಅಪಾಯ. ಈ ಎರಡೂ ಸಂದರ್ಭಗಳಲ್ಲಿ ಜೀವಿ ಬದಲಾಗದೆ, ಅದು ಇರುವ ಜಾಗ ಬದಲಾಗಿರಬಹುದು. ಇನ್ನು ಕೆಲವು ತಳಿಗಳಲ್ಲಿ ಜೀವಿಯೇ ಬದಲಾಗಿರುತ್ತದೆ, ಮತ್ತು ಆ ಬದಲಾವಣೆಯ ಬಗೆ ಯಾವ ವಿದ್ಯಾರ್ಥಿಗೂ ಕುತೂಹಲ ಹುಟ್ಟಿಸುವಂಥದ್ದು. 1982ರಲ್ಲಿ ರೋಗಾಣುವೆಂದು ಗುರುತಿಸಲಾದ ಒ157 ಎಂಬ ತಳಿ, ಶಿಗಾ ಎಂಬ ಜೀವವಿಷವನ್ನು ಉತ್ಪಾದಿಸಿ ರಕ್ತಭೇದಿ ತರುತ್ತದೆ, ಚಿಕ್ಕ ಮಕ್ಕಳಲ್ಲಿ ಕೆಲವರ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಆ ವಿಷದ ಜೀನ್ ಇ. ಕೋಲಿಯ ಸ್ವಂತದ್ದಲ್ಲ, ಬ್ಯಾಕ್ಟೀರಿಯಾಗಳಿಗೆ ಸೋಂಕು ಹತ್ತಿಸುವ ವೈರಸ್ಸೊಂದು ಅದನ್ನು ಹೊತ್ತು ತಂದು ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೆ ಸೇರಿಸಿದೆ. 2011ರಲ್ಲಿ ಜರ್ಮನಿಯಲ್ಲಿ ಮೊಳಕೆ ಬಂದ ಮೆಂತ್ಯದ ಮೂಲಕ ಹರಡಿ ಸುಮಾರು 3,800 ಜನರನ್ನು ಕಾಯಿಲೆಗೆ ತಳ್ಳಿ 50ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಇನ್ನೊಂದು ತಳಿಯಲ್ಲೂ ಇದೇ ವಿಷದ ಜೀನ್ ವೈರಸ್ಸಿನ ಮೂಲಕವೇ ಬಂದು ಸೇರಿತ್ತು. ಗಂಟಲಮಾರಿಯ (ಡಿಫ್ತೀರಿಯಾ) ಬ್ಯಾಕ್ಟೀರಿಯಾ ವಿಷ ಕಾರುವುದು ಕೂಡ ಅದರೊಳಗೆ ಇಂಥ ವೈರಸ್ ಸೇರಿಕೊಂಡಾಗ ಮಾತ್ರ ಎಂಬುದು 1951ರಲ್ಲೇ ಗೊತ್ತಾಗಿತ್ತು.

ಇಷ್ಟಕ್ಕೂ ಇ. ಕೋಲಿಯ ಕಥೆ ಮುಗಿಯುವುದಿಲ್ಲ. 1978ರಲ್ಲಿ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ಜೀನನ್ನು ಇದೇ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅದು ಔಷಧಿಯಾಗಿ ಮಾನ್ಯತೆ ಪಡೆಯಿತು. ಅಲ್ಲಿಯವರೆಗೆ ಮಧುಮೇಹಿಗಳು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ನನ್ನೇ ಅವಲಂಬಿಸಬೇಕಾಗಿತ್ತು. ಒ157 ರೋಗಾಣುವೆಂದು ಗೊತ್ತಾದ ವರ್ಷವೂ, ಇ. ಕೋಲಿ ತಯಾರಿಸಿದ ಇನ್ಸುಲಿನ್ ರೋಗಿಗಳ ಕೈಸೇರಲು ಅನುಮತಿ ಸಿಕ್ಕ ವರ್ಷವೂ ಒಂದೇ. ಇದನ್ನು ತಾವು ಯಾವ ಅಂಕಣದಲ್ಲಿ ಬರೆಯುತ್ತೀರಿ?

ಇ. ಕೋಲಿ ಒಂದು ಅಪವಾದವೆಂದು ಹೇಳಿ ಪಟ್ಟಿಯನ್ನು ಉಳಿಸಿಕೊಳ್ಳಲೂ ಆಗುವುದಿಲ್ಲ. ಮೊಸರಿನಲ್ಲಿ ಸಾಮಾನ್ಯವಾಗಿ ಕಾಣುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್, ಹಲ್ಲನ್ನು ಹುಳುಕು ಮಾಡುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್, ಗಂಟಲುನೋವಿನಿಂದ ಶುರುವಾಗಿ ಚಿಕಿತ್ಸೆ ಸಿಗದಿದ್ದರೆ ಹೃದಯದ ಕವಾಟಗಳವರೆಗೆ ಹಾನಿ ಒಯ್ಯಬಲ್ಲ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಒಂದೇ ಕುಲಕ್ಕೆ ಸೇರಿದವು. ಶಿಲೀಂಧ್ರಗಳಲ್ಲೂ ಹೀಗೆಯೇ. ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿನಿಂದ ಸಿಟ್ರಿಕ್ ಆಮ್ಲ ಪಡೆಯಬಹುದೆಂದು 1917ರಲ್ಲಿ ಗೊತ್ತಾದ ಮೇಲೆ ಲೋಕಕ್ಕೆ ಬೇಕಾದ ಸಿಟ್ರಿಕ್ ಆಮ್ಲದ ಬಹುಪಾಲು ಅದರಿಂದಲೇ ಬರುತ್ತಿದೆ. ಸೋಯಾ ಸಾಸ್ ತಯಾರಿಕೆ ನಡೆಯುವುದು ಆಸ್ಪರ್ಜಿಲಸ್ ಒರೈಜೆಯಿಂದ. ಈ ಒರೈಜೆಗೆ ತೀರ ಹತ್ತಿರದ ಬಂಧುವಾದ ಆಸ್ಪರ್ಜಿಲಸ್ ಫ್ಲೇವಸ್ ಮಾತ್ರ, ತೇವ ಆರದೆ ಶೇಖರಿಸಿದ ಶೇಂಗಾ, ಮೆಕ್ಕೆಜೋಳಗಳ ಮೇಲೆ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತಾಗ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಅವುಗಳ ಆಹಾರದಲ್ಲಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗುತ್ತದೆ, ಮಾಮೂಲಿ ಅಡುಗೆಯ ಬಿಸಿಗೆ ಅದು ನಾಶವಾಗುವುದಿಲ್ಲ. ಬೂಷ್ಟು ಹಿಡಿದ ಕಾಳನ್ನು ತೊಳೆದು ಹುರಿದುಬಿಟ್ಟರೆ ಸರಿಹೋಗುತ್ತದೆ ಎಂದು ನಂಬಿರುವ ಮನೆಗಳಿಗೆ ‘ಪೆನಿಸಿಲಿನ್ ಕೊಡುವ ಬೂಷ್ಟು ಉಪಕಾರಿ’ ಎಂಬ ಒಂದು ಸಾಲಿಗಿಂತ ಈ ವಿಷಯ ಎಷ್ಟೋ ಹೆಚ್ಚು ಉಪಯುಕ್ತ.

ಜಾಗದ ಮಹತ್ವವನ್ನು ಧನುರ್ವಾಯುವಿನಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. ಅದರ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದ ಸುಪ್ತ ರೂಪಗಳು, ಮಣ್ಣಿನಲ್ಲಿ, ಧೂಳಿನಲ್ಲಿ, ಪ್ರಾಣಿಗಳ ಸಗಣಿಯಲ್ಲಿ ಎಲ್ಲೆಲ್ಲೂ ಇವೆ. ಮಣ್ಣಿನಲ್ಲಿ ಆಡುವ ಮಗುವಿನ ಕೈಗೆ ಅವು ಅಂಟಿದರೂ ಏನೂ ಆಗುವುದಿಲ್ಲ. ಗಾಳಿ ತಗಲುವ ಚರ್ಮದ ಮೇಲೆ ಅವು ಮೊಳೆಯಲಾರವು. ಮೊಳೆ ಚುಚ್ಚಿ ಆದ ಆಳವಾದ, ಒಳಗೆ ಆಮ್ಲಜನಕವಿಲ್ಲದ ಗಾಯದಲ್ಲಿ ಸಿಕ್ಕಿಕೊಂಡಾಗ ಮಾತ್ರ ಅವು ಎಚ್ಚೆತ್ತು ಬೆಳೆದು ವಿಷ ಬಿಡುತ್ತವೆ. ಮಣ್ಣಿನಿಂದ ಈ ಬೀಜಕಗಳನ್ನು ನಿರ್ಮೂಲ ಮಾಡುವುದು ಅಸಾಧ್ಯ, ಅದರ ಅಗತ್ಯವೂ ಇಲ್ಲ. ಗಾಯವನ್ನು ತೊಳೆದು, ಲಸಿಕೆಯಿಂದ ದೇಹವನ್ನು ಸಿದ್ಧವಾಗಿಟ್ಟರೆ ಸಾಕು. ಇಷ್ಟನ್ನು ಅರ್ಥಮಾಡಿಕೊಂಡ ಮಗುವಿಗೆ ಮಣ್ಣಿನ ಭಯ ಬೇಕಿಲ್ಲ, ಲಸಿಕೆಯ ಬಗ್ಗೆ ಅಸಡ್ಡೆಯೂ ಬರುವುದಿಲ್ಲ.

ಸಂಖ್ಯೆ ಮತ್ತು ಸಮಯದ ಮಾತು ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಆದರೆ ಪಠ್ಯಗಳಲ್ಲಿ ಇದಕ್ಕೆ ಸಿಗುವ ಜಾಗ ತೀರ ಕಡಿಮೆ. ಅನುಕೂಲಕರ ಉಷ್ಣತೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಗಂಟೆಗೆ ಮೂರು ಬಾರಿ ಇಮ್ಮಡಿಯಾದರೆ ಏಳು ಗಂಟೆಗಳಲ್ಲಿ 21 ಬಾರಿ. ಒಂದೇ ಒಂದು ಕೋಶದಿಂದ ಹೊರಟದ್ದು 20 ಲಕ್ಷ ದಾಟುತ್ತದೆ. ಈ ಲೆಕ್ಕವನ್ನು ಮಕ್ಕಳೇ ಹಲಗೆಯ ಮೇಲೆ ಮಾಡಿ ನೋಡಬಹುದು. ಸರಿಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರವನ್ನು ಗಂಟೆಗಟ್ಟಲೆ ಬಿಡಬಾರದು ಎಂಬ ನಿಯಮದ ಹಿಂದಿರುವುದು ಇದೇ ಲೆಕ್ಕ.

ಇದರ ಮುಂದಿನ ಹೆಜ್ಜೆಯನ್ನೂ ಕಲಿಸಬೇಕು. ಆರೋಗ್ಯವಂತರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಅಡುಗೆ ಮಾಡುವವರ ಕೈಯಿಂದ ಅದು ಆಹಾರಕ್ಕೆ ಬಿದ್ದು, ಆ ಆಹಾರ ಬೆಚ್ಚಗಿನ ಜಾಗದಲ್ಲಿ ಹಲವು ಗಂಟೆ ಕುಳಿತರೆ, ಅದು ಹೆಚ್ಚುತ್ತಾ ಜೀವವಿಷವನ್ನು ಉತ್ಪಾದಿಸುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಬ್ಯಾಕ್ಟೀರಿಯಾ ಸಾಯುತ್ತದೆಯೇ ಹೊರತು ವಿಷ ಉಳಿಯುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಬೇಯಿಸಿಟ್ಟ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಮಾಡುವುದೂ ಇದನ್ನೇ: ಅದರ ಬೀಜಕಗಳು ಬೇಯುವ ಬಿಸಿಯನ್ನು ತಾಳಿಕೊಂಡು, ಅನ್ನ ನಿಧಾನವಾಗಿ ತಣಿಯುವಾಗ ಮೊಳೆಯುತ್ತವೆ. ‘ಚೆನ್ನಾಗಿ ಬಿಸಿ ಮಾಡಿದರೆ ಕೀಟಾಣು ಸಾಯುತ್ತವೆ’ ಎಂಬ ಅರ್ಧ ಸತ್ಯದಿಂದ ಜನ ಕಾಯಿಲೆ ಬೀಳುವುದು ಇಲ್ಲಿಯೇ. ಬೇಗ ತಣಿಸಿ ಶೀತಕದಲ್ಲಿ (ಫ್ರಿಜ್ಜಿನಲ್ಲಿ) ಇಡಿ ಎಂಬ ಸಲಹೆ ಎಷ್ಟು ಬಾರಿ ಕೊಟ್ಟರೂ, ಕಾರಣ ತಿಳಿಯದವರಿಗೆ ಅದು ಬರೀ ಕಟ್ಟುಪಾಡಾಗಿ ಕಾಣುತ್ತದೆ. (ಶೀತಕವನ್ನೂ ಪೂರ್ತಿ ನಂಬುವಂತಿಲ್ಲ. ಗರ್ಭಿಣಿಯರಿಗೆ ವಿಶೇಷವಾಗಿ ಅಪಾಯಕಾರಿಯಾದ ಲಿಸ್ಟೀರಿಯಾ ಆ ತಣ್ಣಗಿನ ಜಾಗದಲ್ಲೂ ನಿಧಾನವಾಗಿ ಬೆಳೆಯುತ್ತದೆ.)

ಹಾಲಿನ ಉದಾಹರಣೆಯನ್ನು ಪಠ್ಯದಲ್ಲಿ ಉಳಿಸಿಕೊಳ್ಳಿ, ಆದರೆ ಒಂದು ಸಾಲಿನಲ್ಲಿ ಮುಗಿಸಬೇಡಿ. ಹೆಪ್ಪು ಹಾಕುವುದೆಂದರೆ ಗೊತ್ತಿರುವ ಬ್ಯಾಕ್ಟೀರಿಯಾಗಳನ್ನು ಅಪಾರ ಸಂಖ್ಯೆಯಲ್ಲಿ ಒಮ್ಮೆಲೇ ಹಾಲಿಗೆ ಬಿಟ್ಟು, ಗೊತ್ತಿಲ್ಲದವು ತಲೆಯೆತ್ತುವ ಮೊದಲೇ ಜಾಗ ಹಿಡಿಸುವುದು. ಅವು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತಾ ಹೋದಂತೆ ಹಾಲಿನ ಪಿಎಚ್ ಸುಮಾರು 6.7ರಿಂದ ಇಳಿಯುತ್ತದೆ, 4.6ರ ಹತ್ತಿರ ಬಂದಾಗ ಕೇಸೀನ್ ಎಂಬ ಪ್ರೋಟೀನ್ ಒಟ್ಟುಗೂಡಿ ಗಟ್ಟಿಯಾಗುತ್ತದೆ. ಆ ಹುಳಿಯಲ್ಲಿ ಬಹಳಷ್ಟು ರೋಗಾಣುಗಳು ಬೆಳೆಯಲಾರವು. ಒಂದು ಹನಿ ಮೊಸರನ್ನು ನೀರಿನಲ್ಲಿ ಕದಡಿ, ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ ಒಣಗಿಸಿ, ಜ್ವಾಲೆಯ ಮೇಲೆ ಹಗುರವಾಗಿ ಹಾಯಿಸಿ, ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ತೊಳೆದು ಸೂಕ್ಷ್ಮದರ್ಶಕದಡಿ ಇಟ್ಟರೆ, ನೇರಳೆ ಬಣ್ಣದ ಕಡ್ಡಿಗಳೂ, ಮಣಿ ಪೋಣಿಸಿದಂಥ ಸಾಲುಗಳೂ ಕಾಣುತ್ತವೆ. ಇದೇ ಹಾಲನ್ನು ಕಾಯಿಸದೆ ಕುಡಿದರೆ ದನಗಳ ಕ್ಷಯ, ಬ್ರೂಸೆಲ್ಲೋಸಿಸ್‌ಗಳು ಮನುಷ್ಯರಿಗೆ ದಾಟಬಹುದು. 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣ ಅದನ್ನು ತಡೆಯುತ್ತದೆ. ಮೊಸರು, ರೋಗ, ಪಾಶ್ಚರೀಕರಣ ಮೂರನ್ನೂ ಬೇರೆ ಬೇರೆ ಅಧ್ಯಾಯಗಳಿಗೆ ಹಂಚದೆ ಹಾಲಿನ ಒಂದೇ ಪಾಠದಲ್ಲಿ ಹೇಳಬಹುದು. ಹುದುಗುವಿಕೆ ಜೀವಿಗಳ ಕೆಲಸವೆಂದು 1857ರಲ್ಲಿ ಲ್ಯಾಕ್ಟಿಕ್ ಆಮ್ಲದ ಮೂಲಕವೇ ತೋರಿಸಿಕೊಟ್ಟ ಲೂಯಿ ಪಾಶ್ಚರ್, ರೋಗಗಳ ಹಿಂದೆಯೂ ಇಂಥ ಜೀವಿಗಳಿರಬಹುದು ಎಂಬ ಕಡೆಗೆ ಸಾಗಿದ್ದು ಈ ಹುದುಗುವಿಕೆಯ ದಾರಿಯಲ್ಲಿಯೇ.

ಮಣ್ಣಿನಲ್ಲಿ, ನೀರಿನಲ್ಲಿ ಇವು ಮಾಡುವ ಕೆಲಸದ ಬಗ್ಗೆ ಪಠ್ಯಗಳು ಈಗಾಗಲೇ ಸಾಕಷ್ಟು ಹೇಳುತ್ತವೆ, ಆದ್ದರಿಂದ ನಾನು ಚುಟುಕಾಗಿ ಹೇಳುತ್ತೇನೆ. ದ್ವಿದಳ ಧಾನ್ಯದ ಗಿಡವನ್ನು ಬೇರುಸಮೇತ ಕಿತ್ತು, ಬೇರುಗಂಟನ್ನು ಬ್ಲೇಡಿನಿಂದ ಸೀಳಿ ಒಳಗಿನ ಗುಲಾಬಿ ಬಣ್ಣವನ್ನು ಮಕ್ಕಳಿಗೆ ತೋರಿಸಿ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧುವೊಂದರದು, ಅದಿರುವುದರಿಂದಲೇ ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡಬಲ್ಲದು. ಚರಂಡಿಯ ನೀರನ್ನು ಶುದ್ಧಗೊಳಿಸುವ ಸ್ಥಾವರಗಳಲ್ಲಿ 1914ರಿಂದ ಬಳಕೆಗೆ ಬಂದ ವಿಧಾನವೂ, ಗಾಳಿಯೂದಿದ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಕೊಳೆಯನ್ನು ತಿನ್ನಿಸುವುದೇ. ಈ ಕೆಲಸಗಳಿಲ್ಲದೆ ಇಂದಿನ ನಗರಗಳ ಬದುಕು ಕಷ್ಟ.

ಈಗ, ಈ ಪತ್ರವನ್ನು ಬರೆಯಲೇಬೇಕೆಂದು ನನಗೆ ಅನ್ನಿಸಿದ ವಿಷಯಕ್ಕೆ ಬರುತ್ತೇನೆ. ಆಂಟಿಬಯೋಟಿಕ್ ನಿರೋಧಕತೆಯನ್ನು ಎರಡು ಅಂಕಣಗಳ ಪಟ್ಟಿ ವಿವರಿಸಲಾರದು. ಅಷ್ಟೇ ಅಲ್ಲ, ಅದರ ಕಾರಣವನ್ನೇ ಮರೆಮಾಡುತ್ತದೆ. ಜನರಿಗೆ ನಾವು ಹೇಳುತ್ತಾ ಬಂದಿರುವುದು, ‘ಔಷಧಿಯನ್ನು ತಪ್ಪಾಗಿ ಬಳಸಿದರೆ ರೋಗಾಣುಗಳು ಬಲಿಷ್ಠವಾಗುತ್ತವೆ’ ಎಂದು. ಇದನ್ನು ಕೇಳಿದವರು, ‘ನನಗಿರುವುದು ಬರೀ ನೆಗಡಿ, ನನ್ನೊಳಗೆ ಅಂಥ ರೋಗಾಣುವೇನೂ ಇಲ್ಲ, ಎರಡು ದಿನ ಮಾತ್ರೆ ನುಂಗಿದರೆ ನಷ್ಟವೇನು’ ಎಂದುಕೊಂಡರೆ ಅದು ಸಹಜ. ನೆಗಡಿ ವೈರಸ್ಸಿನಿಂದ ಬರುವುದರಿಂದ ಆ ಮಾತ್ರೆಯಿಂದ ನೆಗಡಿ ಕಡಿಮೆಯಾಗುವುದಿಲ್ಲ ಎಂಬುದು ಒಂದು ವಿಚಾರ. ಅದಕ್ಕಿಂತ ದೊಡ್ಡ ವಿಚಾರವೆಂದರೆ, ಆ ಮಾತ್ರೆ ಕರುಳಿನಲ್ಲಿರುವ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳ ನಡುವೆ ಇಳಿಯುತ್ತದೆ. ಮನುಷ್ಯನ ದೇಹದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿಯೆಂದೂ, ಅದು ದೇಹದ ಸ್ವಂತ ಕೋಶಗಳ ಸಂಖ್ಯೆಗೆ ಹತ್ತಿರಹತ್ತಿರ ಸಮವೆಂದೂ 2016ರ ಅಂದಾಜೊಂದು ಹೇಳುತ್ತದೆ. ಅವುಗಳಲ್ಲಿ ಔಷಧಿಗೆ ಜಗ್ಗದ ಕೆಲವು ಮೊದಲಿನಿಂದಲೂ ಇದ್ದೇ ಇರುತ್ತವೆ. ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿರುವುದನ್ನು ವಿಜ್ಞಾನಿಗಳಾದ ಏಬ್ರಹಾಂ ಮತ್ತು ಚೈನ್ 1940ರಲ್ಲೇ ವರದಿ ಮಾಡಿದ್ದರು. ಪೆನಿಸಿಲಿನ್ ಆಗಿನ್ನೂ ಜನಬಳಕೆಗೇ ಬಂದಿರಲಿಲ್ಲ. ಮಾತ್ರೆ ಉಳಿದವನ್ನು ಕೊಂದಾಗ ಖಾಲಿಯಾದ ಜಾಗವನ್ನು ತುಂಬುವುದು ಇಂಥವೇ.

ಹೀಗೆ ಉಳಿದು ಹೆಚ್ಚಿದ ಬ್ಯಾಕ್ಟೀರಿಯಾ ಬಹುಶಃ ನಿರುಪದ್ರವಿ ಇ. ಕೋಲಿಯೇ ಆಗಿರುತ್ತದೆ, ಪಟ್ಟಿಯ ಪ್ರಕಾರ ‘ಉಪಕಾರಿ’. ಆದರೆ ಬ್ಯಾಕ್ಟೀರಿಯಾಗಳು ತಮ್ಮ ಜೀನುಗಳನ್ನು ಸಂತಾನಕ್ಕೆ ಮಾತ್ರ ಕೊಡುವುದಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳ ಮೂಲಕ ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. 1950ರ ದಶಕದಲ್ಲಿ ಜಪಾನಿನಲ್ಲಿ ಆಮಶಂಕೆಯ ಶಿಗೆಲ್ಲಾ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹಲವು ಔಷಧಿಗಳಿಗೆ ಜಗ್ಗದಂತಾದಾಗ, ಆ ಶಕ್ತಿ ಇ. ಕೋಲಿ ಮತ್ತು ಶಿಗೆಲ್ಲಾಗಳ ನಡುವೆ ಇಡಿಯಾಗಿ ಹಸ್ತಾಂತರವಾಗಬಲ್ಲದು ಎಂಬುದನ್ನು ಅಲ್ಲಿನ ವಿಜ್ಞಾನಿಗಳು ಪತ್ತೆಹಚ್ಚಿದರು. ನೆಗಡಿಗೆಂದು ನುಂಗಿದ ಮಾತ್ರೆಯಿಂದ ನಮ್ಮೊಳಗಿನ ಸಾಧು ಜೀವಿಗಳೇ ನಿರೋಧಕ ಜೀನುಗಳ ಭಂಡಾರವಾಗುತ್ತವೆ, ಮುಂದೊಂದು ದಿನ ಒಳಬಂದ ರೋಗಾಣುವಿಗೆ ಆ ಭಂಡಾರದ ಬಾಗಿಲು ತೆರೆದಿರುತ್ತದೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಸಾವುಗಳಿಗೆ ಔಷಧ ನಿರೋಧಕ ಬ್ಯಾಕ್ಟೀರಿಯಾಗಳು ನೇರ ಕಾರಣವಾಗಿದ್ದವು ಎಂಬ ಅಂದಾಜಿದೆ. ಪೆನಿಸಿಲಿನ್ನಿಗಾಗಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ, ಸಾಲದ ಪ್ರಮಾಣದಲ್ಲಿ ಔಷಧಿ ತೆಗೆದುಕೊಂಡವರು ನಿರೋಧಕ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಇತರರಿಗೂ ಹಂಚುವ ಅಪಾಯವನ್ನು ಎಚ್ಚರಿಸಿದ್ದರು.

ಆಂಟಿಬಯೋಟಿಕ್‌ನಿಂದ ಕರುಳಿನ ಸಮತೋಲನ ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೂ ಕಣ್ಣಿಗೆ ಕಾಣುವ ಪುರಾವೆಯಿದೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ, ಸಾಮಾನ್ಯವಾಗಿ ಇತರ ಬ್ಯಾಕ್ಟೀರಿಯಾಗಳ ನಡುವೆ ಅದುಮಿಕೊಂಡಿರುವಂಥದ್ದು, ಆಂಟಿಬಯೋಟಿಕ್ ಚಿಕಿತ್ಸೆಯ ನಂತರ ಮೇಲುಗೈ ಪಡೆದು ಪ್ರಾಣಾಂತಕ ಭೇದಿಯನ್ನು ತರಬಲ್ಲದು. ಮರುಕಳಿಸುತ್ತಲೇ ಇರುವ ಈ ಸೋಂಕಿಗೆ, ಆರೋಗ್ಯವಂತರ ಮಲದಲ್ಲಿರುವ ಬ್ಯಾಕ್ಟೀರಿಯಾ ಸಮುದಾಯವನ್ನು ರೋಗಿಯ ಕರುಳಿಗೆ ಸೇರಿಸುವುದು ಆಂಟಿಬಯೋಟಿಕ್‌ಗಿಂತ ಹೆಚ್ಚು ಫಲಕಾರಿಯೆಂದು 2013ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಪ್ರಯೋಗದಿಂದ ತೋರಿಸಿದರು. ಅಲ್ಲಿ ರೋಗಿಯನ್ನು ಗುಣಪಡಿಸಿದ್ದು ಯಾವುದೋ ಒಂದು ‘ಒಳ್ಳೆಯ’ ಬ್ಯಾಕ್ಟೀರಿಯಾ ಅಲ್ಲ, ಒಂದನ್ನೊಂದು ಹದ್ದುಬಸ್ತಿನಲ್ಲಿಡುವ ಇಡೀ ಸಮುದಾಯ.

ನನ್ನ ವಾದವನ್ನು ಅತಿಗೆ ಒಯ್ಯುವ ಅಪಾಯವೂ ನನಗೆ ಗೊತ್ತಿದೆ. ಕೆಲವು ಜೀವಿಗಳ ವಿಷಯದಲ್ಲಿ ‘ಪರಿಸ್ಥಿತಿಯನ್ನು ಅವಲಂಬಿಸಿದೆ’ ಎಂಬ ಮಾತಿಗೆ ಎಡೆಯೇ ಇಲ್ಲ. ರೇಬೀಸ್ ವೈರಸ್ಸಿನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಅಪರೂಪದಲ್ಲಿ ಅಪರೂಪ. ಕಚ್ಚಿದ ಗಾಯವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಿಕೊಳ್ಳುವುದೊಂದೇ ದಾರಿ. ಸಿಡುಬಿನ ವೈರಸ್ಸನ್ನು ಮನುಕುಲ ಲಸಿಕೆಯಿಂದ ನಿರ್ಮೂಲ ಮಾಡಿತು, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಘೋಷಿಸಿತು, ಅದರ ಅಳಿವಿನಿಂದ ಯಾರಿಗೂ ನಷ್ಟವಾಗಿಲ್ಲ. ಆದರೆ ಕ್ಷಯದಂಥ ಭೀಕರ ಕಾಯಿಲೆಯಲ್ಲೂ ಸ್ಥಿತಿಯ ಪಾತ್ರ ದೊಡ್ಡದು. ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಕ್ಷಯದ ಬ್ಯಾಕ್ಟೀರಿಯಾ ಸೋಂಕಿದೆ. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಶೇಕಡಾ 5ರಿಂದ 10ರಷ್ಟು ಮಾತ್ರ. ಆ ಕೆಲವರನ್ನು ಕಾಯಿಲೆಗೆ ದೂಡುವುದರಲ್ಲಿ ಅಪೌಷ್ಟಿಕತೆ, ಎಚ್‌ಐವಿ, ಮಧುಮೇಹ, ತಂಬಾಕುಗಳ ಕೈವಾಡವಿದೆ. 2023ರಲ್ಲಿ ಕ್ಷಯದಿಂದ ಸತ್ತವರು ಸುಮಾರು 12 ಲಕ್ಷ 50 ಸಾವಿರ. ಬ್ಯಾಕ್ಟೀರಿಯಾದ ಹೆಸರನ್ನು ‘ಅಪಕಾರಿ’ ಅಂಕಣದಲ್ಲಿ ಬರೆದು ಮುಗಿಸಿದ ಪಠ್ಯ, ಹಸಿವು ಮತ್ತು ಇಕ್ಕಟ್ಟಿನ ಮನೆಗಳು ಕೂಡ ಕ್ಷಯದ ಕಾರಣಗಳೆಂದು ಹೇಳುವ ಅವಕಾಶವನ್ನೇ ಕಳೆದುಕೊಳ್ಳುತ್ತದೆ.

ಆರೋಗ್ಯ ಇಲಾಖೆಗಳವರಲ್ಲಿ ನನ್ನ ಮನವಿ ಸ್ವಚ್ಛತೆಯ ಸಂದೇಶಗಳ ಕುರಿತದ್ದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯ, ಶವಪರೀಕ್ಷೆ ಮಾಡಿ ಬಂದ ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆದುಕೊಂಡೇ ಬಾಣಂತಿಯರನ್ನು ಮುಟ್ಟಬೇಕೆಂದು ಕಡ್ಡಾಯ ಮಾಡಿದರು. ಹಿಂದಿನ ವರ್ಷ ಶೇಕಡಾ 11ರಷ್ಟಿದ್ದ ಬಾಣಂತಿಯರ ಸಾವು, ಮುಂದಿನ ವರ್ಷ ಶೇಕಡಾ 2ಕ್ಕಿಂತ ಕೆಳಗಿಳಿಯಿತು. ಅವರು ಇಡೀ ಆಸ್ಪತ್ರೆಯನ್ನು ಜೀವಿಮುಕ್ತ ಮಾಡಲಿಲ್ಲ. ಶವದಿಂದ ಬಾಣಂತಿಗೆ ಸಾಗುವ ಒಂದು ದಾರಿಯನ್ನು ಮುಚ್ಚಿದರು. ಇಂದಿನ ಮನೆಗಳಿಗೂ ಬೇಕಿರುವುದು ಇದೇ. ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಹಸಿಮಾಂಸ ಮುಟ್ಟಿದ ನಂತರ, ಅಡುಗೆಗೂ ಊಟಕ್ಕೂ ಮುಂಚೆ, ರೋಗಿಯ ಆರೈಕೆಯ ಮುಂಚೆ ಮತ್ತು ನಂತರ ಮಾಮೂಲಿ ಸೋಪಿನಿಂದ ಚೆನ್ನಾಗಿ ಕೈ ತೊಳೆದರೆ ರೋಗಾಣುಗಳ ಮುಖ್ಯ ದಾರಿಗಳು ಮುಚ್ಚುತ್ತವೆ. ಸಾಮಾನ್ಯ ಸೋಪಿಗಿಂತ ‘ಆಂಟಿಬ್ಯಾಕ್ಟೀರಿಯಲ್’ ಸೋಪು ಮನೆಬಳಕೆಯಲ್ಲಿ ಮೇಲೆಂಬುದಕ್ಕೆ ತಯಾರಕರು ಪುರಾವೆ ಕೊಡಲಾಗದ ಕಾರಣ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಟ್ರೈಕ್ಲೋಸಾನ್ ಸೇರಿದಂತೆ 19 ರಾಸಾಯನಿಕಗಳನ್ನು ಅಂಥ ಸೋಪುಗಳಿಂದ ಹೊರಗಿಟ್ಟಿತು. ವಾಂತಿಭೇದಿ ತರುವ ನೊರೋವೈರಸ್ಸಿಗೆ ಆಲ್ಕೋಹಾಲಿನ ಸ್ಯಾನಿಟೈಜರ್ ಅಷ್ಟಾಗಿ ನಾಟುವುದಿಲ್ಲ, ಸೋಪು ಮತ್ತು ನೀರು ಮಾತ್ರ ಅದನ್ನು ಕೈಯಿಂದ ತೊಳೆದು ಸಾಗಿಸುತ್ತವೆ. ‘ಕೊಲ್ಲಿ’ ಎನ್ನುವ ಭಿತ್ತಿಪತ್ರಗಳ ಬದಲು, ರೋಗಾಣು ಯಾವ ದಾರಿಯಲ್ಲಿ ಬರುತ್ತದೆ, ಆ ದಾರಿಯನ್ನು ಎಲ್ಲಿ ಮುಚ್ಚಬೇಕು ಎಂದು ತೋರಿಸುವ ಭಿತ್ತಿಪತ್ರಗಳನ್ನು ಮುದ್ರಿಸಿ.

ಮಕ್ಕಳಿಗೆ ಇಷ್ಟೆಲ್ಲ ಜಟಿಲತೆ ಹೆಚ್ಚಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಲವು ಬಾರಿ ಕೇಳಿದ್ದೇನೆ, ಒಪ್ಪಲಾರೆ. ಇಪ್ಪತ್ತು ಹೆಸರುಗಳನ್ನು ಅರ್ಥವಿಲ್ಲದೆ ಬಾಯಿಪಾಠ ಮಾಡುವುದಕ್ಕಿಂತ ಒಂದು ಇ. ಕೋಲಿಯ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ತಿಳಿದುಕೊಳ್ಳುವುದು ಸುಲಭ. ಮುಂದಿನ ಪರಿಷ್ಕರಣೆಯಲ್ಲಿ ಎರಡು ಅಂಕಣಗಳ ಪಟ್ಟಿ ಇದ್ದ ಪುಟದಲ್ಲಿ ಆ ಕಥೆಯನ್ನು ಹಾಕಿ. ಹೊಂದಿಸಿ ಬರೆಯುವ ಪ್ರಶ್ನೆಯ ಜಾಗದಲ್ಲಿ, ‘ಒಂದೇ ಬ್ಯಾಕ್ಟೀರಿಯಾ ಕರುಳಿನಲ್ಲಿದ್ದಾಗ ಏಕೆ ತೊಂದರೆ ಕೊಡುವುದಿಲ್ಲ, ಮೂತ್ರನಾಳದಲ್ಲಿದ್ದಾಗ ಏಕೆ ಕೊಡುತ್ತದೆ’ ಎಂಬಂಥ ಪ್ರಶ್ನೆ ಕೇಳಿ. ಹಾಲಿನ ಪ್ರಯೋಗವನ್ನೂ ಬೇರುಗಂಟಿನ ವೀಕ್ಷಣೆಯನ್ನೂ ಕಡ್ಡಾಯ ಮಾಡಿ. ಆಂಟಿಬಯೋಟಿಕ್‌ಗಳ ಬಗ್ಗೆ ಹೇಳುವಾಗ ನಮ್ಮೊಳಗಿನ ನಿರುಪದ್ರವಿ ಬ್ಯಾಕ್ಟೀರಿಯಾಗಳ ಮೇಲೆ ಅವುಗಳ ಪರಿಣಾಮವನ್ನು ಮೊದಲು ಹೇಳಿ. ಇದಕ್ಕಾಗಿ ಬರವಣಿಗೆಯಲ್ಲಾಗಲಿ, ಶಿಕ್ಷಕರ ತರಬೇತಿಯಲ್ಲಾಗಲಿ ಯಾವ ಕೆಲಸಕ್ಕೆ ಕರೆದರೂ ಬರಲು ನಾನೂ, ನನ್ನಂತೆ ಈ ವಿಷಯವನ್ನು ಕಲಿಸುವ ಅನೇಕರೂ ಸಿದ್ಧರಿದ್ದೇವೆ.

ಇಂತಿ,
ಸೂಕ್ಷ್ಮಜೀವಿ ವಿಜ್ಞಾನದ ಒಬ್ಬ ಬೋಧಕ